ತಾಳಂ ವೇಶಾರಾ ಸಾರ್? – ಕಾರಿನ ಬಾಗಿಲು ಲಾಕ್ ಮಾಡೋ ವಿಚಾರ

ಈ ಸಲದ ವಿಷಯ ಕೇಳಿದರೆ ಸ್ವಲ್ಪ ನಗು ಬರಬಹುದು. ಕಾರಿನ ಬಾಗಿಲು ಲಾಕ್ ಮಾಡೋದು ಹೇಗೆ. ಬಟನ್ ಒತ್ತಿದರೆ ಆಯ್ತಲ್ಲ, ಅದಕ್ಕೊಂದು ವಿಡಿಯೋ ಬೇಕಾ ಅಂತ ನಮ್ಮ ಮನೆಯವಳೇ ಕೇಳಿದಳು. ಹತ್ತು ನಿಮಿಷ ಕೊಡಿ, ಹೇಳ್ತೀನಿ.

ವೈಜಾಗ್‌ಗೆ ಬಂದ ಹೊಸದರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ದಿನಾ ಸಂಜೆ ಕೇಳೋರು, "ತಾಳಂ ವೇಶಾರಾ ಸಾರ್?" ನನಗೆ ತಾಳ ಅಂದ್ರೆ ಆದಿತಾಳ, ರೂಪಕತಾಳ. ಇದ್ಯಾವ ಸಂಗೀತ ಪ್ರೇಮಿ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ತಾಳಂ ಅಂದ್ರೆ ಬೀಗ. ಅವರ 'ತಲುಪು' ಅಂದ್ರೆ ಬಾಗಿಲು, ನಮ್ಮ 'ತಲುಪು' ಅಂದ್ರೆ ಊರು ಮುಟ್ಟೋದು. ಪದದ ಜಗಳ ನಮ್ಮ ಮನೆಯೊಳಗೂ ಇದೆ, ಬಿಡಿ. ನಾನು ಹಾವೇರಿ ಕಡೆಯವನು, ನನಗೆ ಅದು ಕೀಲಿ, ತೆಗೆಯೋದು ಕೀಲಿಕೈ. ಅವಳು ಮೈಸೂರಿನವಳು, ಅವಳಿಗೆ ಬೀಗ, ಬೀಗದ ಕೈ. ಮಗಳಿಗೆ ಎರಡೂ ಬೇಡ, ಅವಳಿಗೆ ಲಾಕು.

ಆ ಮಗಳಿಂದಲೇ ಮಾತು ಶುರು ಮಾಡಬೇಕು. ಎರಡು ವರ್ಷದ ಹಿಂದೆ, ಮೇ ತಿಂಗಳು. ವಿಜಯವಾಡಕ್ಕೆ ಹೊರಟಿದ್ದೆವು, 350 ಕಿಲೋಮೀಟರ್ ದಾರಿ. ತುನಿ ಹತ್ತಿರ ಹೈವೇ ಪಕ್ಕ ತಾಟಿ ಮುಂಜಲು ಮಾರ್ತಾ ಇದ್ದರು, ನಮ್ಮ ಕಡೆ ತಾಟಿನುಂಗು ಅಂತೀವಲ್ಲ ಅದು. ಬೆಳಗ್ಗೆ ಹನ್ನೊಂದೂವರೆ. ಮನೆಯವಳು ಎದುರಿನ ಹೋಟೆಲಿಗೆ ಕೈ ತೊಳೆಯೋಕೆ ಹೋದಳು. ಮಗಳಿಗೆ ಆಗ ಮೂರು ವರ್ಷ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದೆ, ಅಳ್ತಾ ಇದ್ದಳು. ಇಂಜಿನ್ ಆಫ್ ಮಾಡಿ, ಸುಮ್ಮನಾಗಲಿ ಅಂತ ಕಾರಿನ ಕೀ ಗೊಂಚಲನ್ನೇ ಅವಳ ಕೈಗೆ ಕೊಟ್ಟು, ಬಾಗಿಲು ಮುಚ್ಚಿ ಇಳಿದೆ. ನಾಲ್ಕೇ ಹೆಜ್ಜೆ. ಟಕ್ ಅಂತ ಶಬ್ದ ಬಂತು.

ನಾಲ್ಕೂ ಬಾಗಿಲು ಲಾಕ್. ಗಾಜು ಪೂರ್ತಿ ಮೇಲೆ. ಇನ್ನೊಂದು ಕೀ ಮಧುರವಾಡದ ಮನೆಯ ಬೀರುವಿನಲ್ಲಿ, ನೂರು ಕಿಲೋಮೀಟರ್ ಹಿಂದೆ. ಗಾಜಿನ ಹೊರಗಿಂದ "ಇನ್ನೊಂದು ಬಟನ್ ಒತ್ತು ಪುಟ್ಟಾ" ಅಂದೆ. ಅವಳು ಕೀಯನ್ನು ಎತ್ತಿ ತೋರಿಸಿ ನಕ್ಕಳು, ಆಮೇಲೆ ಅದು ಕೈ ಜಾರಿ ಸೀಟಿನ ಕೆಳಗೆ ಬಿತ್ತು. ಆಗ ಅಳು ಮತ್ತೆ ಶುರುವಾಯ್ತು.

ನಾನು ಒಂದು ಕಲ್ಲು ತಗೊಂಡು ಗಾಜಿನ ನಟ್ಟನಡುವೆ ಹೊಡೆದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಹೊಡೆದೆ, ಕಲ್ಲೇ ವಾಪಸ್ ಬಂತು. ಅಲ್ಲಿ ನಿಂತಿದ್ದ ಒಡಿಶಾದ ಲಾರಿಯ ಡ್ರೈವರ್ ವೀಲ್ ಸ್ಪ್ಯಾನರ್ ಹಿಡಿದು ಬಂದರು. ಮೊದಲು ಕೇಳಿದ್ದು ಮಗು ಯಾವ ಕಡೆ ಕೂತಿದೆ ಅಂತ. ಕೇಳಿ, ಮಗುವಿನಿಂದ ದೂರದ ಮುಂದಿನ ಬಾಗಿಲಿಗೆ ಹೋಗಿ, ಗಾಜಿನ ಕೆಳಮೂಲೆಗೆ ಹೊಡೆದರು. ಮೂರನೇ ಏಟಿಗೆ ಗಾಜು ಸಕ್ಕರೆ ಹರಳಿನ ಹಾಗೆ ಉದುರಿತು. ಒಟ್ಟು ಎಂಟು ನಿಮಿಷ ಇರಬಹುದು. ಮಗಳ ಅಂಗಿ ನೀರಿನಲ್ಲಿ ಅದ್ದಿದ ಹಾಗೆ ಒದ್ದೆಯಾಗಿತ್ತು. ಗಾಜಿಗೆ 4,200 ರೂಪಾಯಿ ಆಯ್ತು. ಆ ಡ್ರೈವರ್ ಒಂದು ಟೀ ಕೂಡ ಕುಡಿಯದೆ ಹೊರಟುಹೋದರು.

ಅವರಿಗೆ ಗೊತ್ತಿದ್ದು, ನನಗೆ ಗೊತ್ತಿಲ್ಲದ್ದು ಇಷ್ಟು. ಸಾಮಾನ್ಯವಾಗಿ ಪಕ್ಕದ ಗಾಜು ಟೆಂಪರ್ಡ್ ಆಗಿರುತ್ತೆ. ನಡುವೆ ಹೊಡೆದರೆ ಬಗ್ಗಿ ಏಟನ್ನು ತಡೆದುಕೊಳ್ಳುತ್ತೆ, ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆದರೆ ಪುಡಿಯಾಗುತ್ತೆ. ಮುಂದಿನ ದೊಡ್ಡ ಗಾಜಿನ ತಂಟೆಗೆ ಹೋಗಬೇಡಿ, ಅದರಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತೆ, ಬಿರುಕು ಬಿಡುತ್ತೆ ಹೊರತು ದಾರಿ ಕೊಡಲ್ಲ.

ಎಂಟು ನಿಮಿಷ ಏನು ಮಹಾ ಅನ್ನಿಸಬಹುದು. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಇದನ್ನು ಅಳೆದು ನೋಡಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಶೇಕಡ 80 ಭಾಗ ಏರಿದ್ದು ಮೊದಲ ಅರ್ಧ ಗಂಟೆಯಲ್ಲಿ. ಗಾಜು ಒಂದು ಬೆರಳಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವಿಜಯವಾಡದ ಮೇ ತಿಂಗಳಿಗೆ ನೀವೇ ಲೆಕ್ಕ ಹಾಕಿ.

ಈಗ ಹೇಳೋ ಸುದ್ದಿ ಇಲ್ಲಿರೋ ನಿಮಗೆಲ್ಲ ನೆನಪಿರಬಹುದು. 2025ರ ಮೇ 18, ಭಾನುವಾರ. ವಿಜಯನಗರಂ ಹತ್ತಿರದ ದ್ವಾರಪೂಡಿ ಗ್ರಾಮ, ಮಧುರವಾಡದಿಂದ ಒಂದು ಗಂಟೆ ದಾರಿ. ಆಡೋಕೆ ಹೋದ ನಾಲ್ಕು ಚಿಕ್ಕ ಮಕ್ಕಳು ಊರಲ್ಲಿ ನಿಂತಿದ್ದ ಕಾರಿನೊಳಗೆ ಹೋದರು, ಬಾಗಿಲು ಲಾಕ್ ಆಯ್ತು, ಉಸಿರುಗಟ್ಟಿ ನಾಲ್ವರೂ ತೀರಿಕೊಂಡರು. ಊರೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಕಾರಿನಲ್ಲಿ.

ಆ ಸುದ್ದಿ ಓದಿದ ದಿನದಿಂದ ಲಾಕ್ ಅನ್ನೋ ಪದದ ಬಗ್ಗೆ ನನ್ನ ಯೋಚನೆ ಬದಲಾಯ್ತು. ನಾವು ಲಾಕ್ ಮಾಡೋದು ಕಳ್ಳ ಒಳಗೆ ಬರಬಾರದು ಅಂತ. ಆದರೆ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ವಾರಗಟ್ಟಲೆ ನಿಂತಿರೋ ಕಾರು, ಊರಲ್ಲಿ ಅಪ್ಪನ ಮನೆ ಮುಂದೆ ನಿಂತಿರೋ ಹಳೇ ಕಾರು, ಅದರಲ್ಲಿ ಕದಿಯೋಕೆ ಏನೂ ಇಲ್ಲ ಅಂತ ಹಾಗೇ ಬಿಟ್ಟಿರ್ತೀವಿ. ಪಕ್ಕದ ಮನೆ ಮಕ್ಕಳಿಗೆ ಅದು ಆಟದ ಮನೆ. ವರ್ಕ್ ಫ್ರಮ್ ಹೋಮ್ ಅಂತ ಎರಡು ತಿಂಗಳು ಊರಿಗೆ ಹೋಗೋರು ಇದನ್ನು ಗಮನದಲ್ಲಿಡಿ. ಡಿಕ್ಕಿಯನ್ನೂ ಒಮ್ಮೆ ಎಳೆದು ನೋಡಿ, ಹಿಂದಿನ ಸೀಟು ಮಡಚಿದರೆ ಡಿಕ್ಕಿಗೆ ಹೋಗೋ ದಾರಿ ಮಕ್ಕಳಿಗೆ ಗೊತ್ತಿರುತ್ತೆ.

ಒಳಗಿಂದ ತೆಗೆಯೋದು ಹೇಗೆ ಅನ್ನೋದಕ್ಕೆ ಬರೋಣ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಕೆಲವು ಕಡ್ಡಾಯ ಬಂತು. ಡ್ರೈವರ್ ಏರ್‌ಬ್ಯಾಗ್, 80 ಕಿಲೋಮೀಟರ್ ದಾಟಿದರೆ ಕುಯ್ ಕುಯ್ ಅನ್ನೋ ಅಲಾರ್ಮ್, ರಿವರ್ಸ್ ಸೆನ್ಸರ್, ಇವೆಲ್ಲ ನಿಮಗೆ ಗೊತ್ತು. ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು: ಸೆಂಟ್ರಲ್ ಲಾಕಿಂಗ್ ಕೈಕೊಟ್ಟರೂ ಒಳಗಿಂದ ಕೈಯಲ್ಲೇ ಬಾಗಿಲು ತೆಗೆಯೋ ವ್ಯವಸ್ಥೆ. ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಅಂತ ಗೊತ್ತಾ? ಕೆಲವು ಕಾರಿನಲ್ಲಿ ಒಳಗಿನ ಹಿಡಿಯನ್ನು ಒಮ್ಮೆ ಎಳೆದರೆ ಲಾಕ್ ಬಿಡುತ್ತೆ, ಎರಡನೇ ಸಲ ಎಳೆದರೆ ಬಾಗಿಲು ತೆರೆಯುತ್ತೆ. ಕೆಲವದರಲ್ಲಿ ಹಿಡಿ ಪಕ್ಕದ ಚಿಕ್ಕ ಗುಬುಟನ್ನು ಮೊದಲು ಎಳೆಯಬೇಕು. ಡ್ರೈವರ್ ಬಾಗಿಲಿಗೆ ಒಂದು ರೀತಿ, ಹಿಂದಿನದಕ್ಕೆ ಇನ್ನೊಂದು ರೀತಿ ಇರೋ ಕಾರುಗಳೂ ಇವೆ. ಊರಿಂದ ಬಂದ ಅತ್ತೆ-ಮಾವ ಒಂದು ಸಲ ಎಳೆದು, ಬರಲ್ಲ ಅಂತ ಕೈ ಬಿಟ್ಟು ಕೂತುಬಿಡ್ತಾರೆ.

ಚೈಲ್ಡ್ ಲಾಕ್ ಅನ್ನೋದು ಬೇರೆ. ಹಿಂದಿನ ಬಾಗಿಲಿನ ಅಂಚಿನಲ್ಲಿ ಬಾಗಿಲು ತೆರೆದರೆ ಮಾತ್ರ ಕಾಣೋ ಚಿಕ್ಕ ಲಿವರ್. ಅದು ಹಾಕಿದ್ದರೆ ಒಳಗಿಂದ ಎಷ್ಟು ಎಳೆದರೂ ಬಾಗಿಲು ಬರಲ್ಲ, ಹೊರಗಿಂದ ಬರುತ್ತೆ. ಟ್ಯಾಕ್ಸಿಗಳಲ್ಲಿ ಇದು ಇರಬಾರದು ಅಂತ, ಹೆಣ್ಣುಮಕ್ಕಳ ಸುರಕ್ಷತೆಗಾಗಿ, ಅದೇ 2019ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ರಾತ್ರಿ ಹೊತ್ತು ಕ್ಯಾಬ್ ಹತ್ತೋರು, ಹತ್ತುವಾಗಲೇ ಬಾಗಿಲಿನ ಅಂಚು ಒಮ್ಮೆ ನೋಡಿ. ಹಳೇ ಗಾಡಿಯಲ್ಲಿ ಲಿವರ್ ಇದ್ದರೆ ಬಿಡಿಸಿಯೇ ಕೂತ್ಕೊಳ್ಳಿ, ಸಂಕೋಚ ಬೇಡ.

ಸರಿ, ಈಗ ಕಳ್ಳರು. ನೀವೆಲ್ಲ ಇದಕ್ಕೇ ಕಾಯ್ತಾ ಇದ್ದೀರಿ ಅಂತ ಗೊತ್ತು, ನಾವು ಐಟಿಯವರು ತಾನೆ, ಹ್ಯಾಕ್ ಅಂದ್ರೆ ಕಿವಿ ನೆಟ್ಟಗಾಗುತ್ತೆ.

ಬಟನ್ ಒತ್ತೋ ಸಾಮಾನ್ಯ ರಿಮೋಟ್ ಅಂದ್ರೆ ಒಂದು ಓಟಿಪಿ ಯಂತ್ರ. ಪ್ರತಿ ಸಲ ಒತ್ತಿದಾಗ ಹೊಸ ಕೋಡ್ ಹೋಗುತ್ತೆ. ಕಾರಿಗೂ ಮುಂದಿನ ಕೋಡ್ ಏನು ಅಂತ ಗೊತ್ತಿರುತ್ತೆ, ಹಳೇ ಕೋಡ್ ಮತ್ತೆ ಕಳಿಸಿದರೆ ತೆಗೆಯಲ್ಲ. ಆದರೆ ಈ ಓಟಿಪಿಗೆ ಬ್ಯಾಂಕಿನ ಓಟಿಪಿ ಹಾಗೆ ಐದು ನಿಮಿಷದ ಅವಧಿ ಇಲ್ಲ. ಬಳಕೆಯಾಗದೆ ಉಳಿದರೆ, ಅದಕ್ಕಿಂತ ಹೊಸ ಕೋಡ್ ಕಾರಿಗೆ ಮುಟ್ಟೋವರೆಗೂ ಅದು ಜೀವಂತ. 2015ರಲ್ಲಿ ಸ್ಯಾಮಿ ಕಮ್ಕಾರ್ ಅನ್ನೋ ಸಂಶೋಧಕ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಇದನ್ನೇ ತೋರಿಸಿದ. ಒಂದು ಚಿಕ್ಕ ಪೆಟ್ಟಿಗೆ, ರೋಲ್‌ಜ್ಯಾಮ್ ಅಂತ ಹೆಸರು. ನೀವು ಬಟನ್ ಒತ್ತಿದಾಗ ಸಿಗ್ನಲ್ ಕಾರಿಗೆ ಹೋಗದ ಹಾಗೆ ಗದ್ದಲ ಎಬ್ಬಿಸಿ, ಕೋಡ್ ಮಾತ್ರ ತಾನು ಕದ್ದಿಟ್ಟುಕೊಳ್ಳುತ್ತೆ. ಎರಡನೇ ಸಲ ಒತ್ತಿದಾಗ ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಬಿಡುತ್ತೆ. ನಿಮ್ಮ ಕಾರು ಸ್ಪಂದಿಸಿತು, ನೀವು ಹೊರಟಿರಿ, ಅವನ ಜೇಬಿನಲ್ಲಿ ಒಂದು ಒಳ್ಳೇ ಓಟಿಪಿ ಉಳೀತು.

ಸ್ಮಾರ್ಟ್ ಕೀ ಕಥೆ ಇನ್ನೂ ಸರಳ. ಕೀ ಜೇಬಲ್ಲಿದ್ದರೆ ಸಾಕು, ಹಿಡಿ ಮುಟ್ಟಿದರೆ ಬಾಗಿಲು ತೆರೆಯುತ್ತೆ. ಕಾರು ಮೆಲ್ಲಗೆ "ಇದ್ದೀಯಾ?" ಅಂತ ಕೇಳುತ್ತೆ, ಆ ದನಿ ಒಂದೆರಡು ಮೀಟರ್ ಮಾತ್ರ ಹೋಗುತ್ತೆ. ಕೀ "ಇದ್ದೀನಿ" ಅನ್ನುತ್ತೆ. ಇಬ್ಬರು ಕಳ್ಳರು ನಡುವೆ ನಿಂತು ಆ ಮಾತನ್ನು ದಾಟಿಸಿದರೆ? ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ನಿಮ್ಮ ಮನೆ ಬಾಗಿಲ ಹತ್ತಿರ. ಕೋಡ್ ಒಡೆಯೋ ಕೆಲಸವೇ ಇಲ್ಲ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಎಂಟು ಕಂಪನಿಗಳ ಹತ್ತು ಕಾರುಗಳ ಮೇಲೆ ಇದನ್ನು ಪ್ರಯತ್ನಿಸಿದರು, ಹತ್ತೂ ತೆರೆದುಕೊಂಡವು.

ಅದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿ. ಆದರೆ ಎಲ್ಲ ಡಬ್ಬಿಯೂ ಆಗಲ್ಲ. ಕೀ ಒಳಗಿಟ್ಟು ಮುಚ್ಚಿ, ಡಬ್ಬಿಯನ್ನು ಕಾರಿನ ಪಕ್ಕ ಹಿಡಿದು ಹಿಡಿ ಎಳೆದು ನೋಡಿ. ಬಾಗಿಲು ಬಂದರೆ ಆ ಡಬ್ಬಿ ಸಾಸಿವೆಗೇ ಸರಿ. ಆನ್‌ಲೈನ್‌ನಲ್ಲಿ ಸಿಗೋ ಫ್ಯಾರಡೆ ಪೌಚ್‌ಗೂ ಇದೇ ಪರೀಕ್ಷೆ. ಕೆಲವು ಟೊಯೋಟಾ ಕೀಗಳಲ್ಲಿ ಲಾಕ್ ಬಟನ್ ಹಿಡಿದುಕೊಂಡು ಅನ್‌ಲಾಕ್ ಬಟನ್ ಎರಡು ಸಲ ಒತ್ತಿದರೆ ಕೀ ಮಲಗುತ್ತೆ, ಸಿಗ್ನಲ್‌ಗೆ ಉತ್ತರ ಕೊಡಲ್ಲ. ನಿಮ್ಮ ಕಾರಿನ ಮ್ಯಾನುಯಲ್ ತೆಗೆದು ನೋಡಿ, ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುತ್ತೆ. ಏನೂ ಇಲ್ಲ ಅಂದರೆ, ಮುಂಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕೋ ಅಭ್ಯಾಸವನ್ನಾದರೂ ಬಿಡಿ.

ಬಾಗಿಲು ಗಟ್ಟಿ ಆಯ್ತು, ಹೆಡ್‌ಲೈಟ್? 2022ರಲ್ಲಿ ಲಂಡನ್‌ನಲ್ಲಿ ಒಬ್ಬರ ಟೊಯೋಟಾ ರಾವ್4 ಹೋಯಿತು. ಕಳ್ಳರು ಹೆಡ್‌ಲೈಟ್ ಪಕ್ಕದ ವೈರಿಗೆ ಕೈ ಹಾಕಿ, ಕಾರಿನ ಒಳಗಿನ ಕ್ಯಾನ್ ನೆಟ್‌ವರ್ಕ್‌ಗೆ ನೇರವಾಗಿ "ಕೀ ಸರಿಯಿದೆ, ಬಾಗಿಲು ತೆಗಿ" ಅನ್ನೋ ಸಂದೇಶ ತೂರಿಸಿದ್ದರು. ಕಾರು ಕಳಕೊಂಡವರು ಯಾರು ಗೊತ್ತಾ? ಕಾರುಗಳ ಸೈಬರ್ ಸುರಕ್ಷತೆಯ ಮೇಲೇ ಕೆಲಸ ಮಾಡೋ ಸಂಶೋಧಕರು. ಕೂತು ಪೂರ್ತಿ ಬಿಡಿಸಿ ಜಗತ್ತಿಗೆ ತೋರಿಸಿದರು. ಫೈರ್‌ವಾಲ್ ಒಳಗಿನದೆಲ್ಲ ನಂಬಿಕಸ್ತ ಅಂತ ಡಿಸೈನ್ ಮಾಡಿದರೆ ಏನಾಗುತ್ತೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಆಫೀಸಿನಲ್ಲೇ ಗೊತ್ತಿದೆ.

ಮೊಬೈಲ್ ಆ್ಯಪ್ ಬಗ್ಗೆಯೂ ಒಂದು ಮಾತು. ಬೆಂಗಳೂರಿಂದ ಅನಂತಪುರ ದಾರಿಯಲ್ಲಿ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ನೋಡಿರ್ತೀರಿ. ಅದೇ ಕಂಪನಿಯ ಅಮೆರಿಕದ ಡೀಲರ್ ವೆಬ್‌ಸೈಟಿನಲ್ಲಿ 2024ರಲ್ಲಿ ಒಂದು ತೂತು ಸಿಕ್ಕಿತು, ನಂಬರ್ ಪ್ಲೇಟ್ ಒಂದೇ ಇದ್ದರೆ ಅಲ್ಲಿನ ಕಾರುಗಳ ಬಾಗಿಲು ದೂರದಿಂದ ತೆಗೆಯಬಹುದಿತ್ತು. ಕಂಡುಹಿಡಿದವರು ಕಂಪನಿಗೆ ತಿಳಿಸಿ, ಅದನ್ನು ಮುಚ್ಚಿದ ಮೇಲೆಯೇ ಹೊರಗೆ ಹೇಳಿದರು. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರೋದು ಇದು: ಸೆಕೆಂಡ್ ಹ್ಯಾಂಡ್ ಕಾರು ತಗೊಂಡಾಗ ಹಳೇ ಮಾಲೀಕರ ಆ್ಯಪ್‌ನಿಂದ ಕಾರನ್ನು ತೆಗೆಸಿ. ಎರಡೂ ಕೀ ಕೇಳಿ. ಒಂದೇ ಕೊಟ್ಟರೆ, ಎರಡನೆಯದು ಕಳೆದುಹೋಗಿದೆ ಅಂದರೆ, ಸರ್ವಿಸ್ ಸೆಂಟರಿನಲ್ಲಿ ಹಳೇ ಕೀಯನ್ನು ಕಾರಿನ ನೆನಪಿನಿಂದ ಅಳಿಸಿಸಿ. ಬೆಂಗಳೂರಿಗೆ ವಾಪಸ್ ವರ್ಗ ಆಗಿ ಕಾರು ಮಾರೋರು, ನೀವೂ ನಿಮ್ಮ ಆ್ಯಪ್‌ನಿಂದ ಹೊರಗೆ ಬನ್ನಿ.

ಇಷ್ಟೆಲ್ಲ ಹೇಳಿ, ನನ್ನ ಅಭಿಪ್ರಾಯ ಕೇಳಿದರೆ, ನಮ್ಮನಿಮ್ಮಂಥವರ ಕಾರಿನಿಂದ ಸಾಮಾನು ಹೋಗೋದು ಇಂಥ ಜಾಣ ಕಳ್ಳತನದಿಂದ ಕಡಿಮೆ. ಬಟನ್ ಒತ್ತಿದೆವು ಅಂದುಕೊಂಡು, ಫೋನ್ ಕಿವಿಗಿಟ್ಟು ಹೊರಟುಬಿಡ್ತೀವಿ. ಲಾಕ್ ಆಗಿರಲ್ಲ. ಯಾವುದೋ ಬಾಗಿಲು ಪೂರ್ತಿ ಮುಚ್ಚಿರಲ್ಲ, ಅಥವಾ ದೂರದಿಂದ ಒತ್ತಿರ್ತೀವಿ, ಅಥವಾ ಯಾರೋ ಸಿಗ್ನಲ್ ತಡೆದಿರ್ತಾರೆ. ಇಂಡಿಕೇಟರ್ ಮಿಂಚಿತಾ, ಕನ್ನಡಿ ಮಡಚಿತಾ ಅಂತ ಕಣ್ಣಲ್ಲಿ ನೋಡಿದ ಮೇಲೆ ಹೆಜ್ಜೆ ಕೀಳಿ. ಹಿಡಿ ಎಳೆದು ನೋಡ್ತೀನಿ ಅನ್ನೋರಿಗೆ ಒಂದು ತಮಾಷೆ ಇದೆ: ಮುಟ್ಟಿದರೆ ತೆರೆಯೋ ಸ್ಮಾರ್ಟ್ ಕೀ ಜೇಬಲ್ಲಿದ್ದರೆ, ಪರೀಕ್ಷೆ ಮಾಡೋಕೆ ಹೋಗಿ ನೀವೇ ಅನ್‌ಲಾಕ್ ಮಾಡ್ತೀರಿ. ಎಷ್ಟೋ ಕಾರಿನಲ್ಲಿ ಆ ಸೆನ್ಸರ್ ಮುಂದಿನ ಬಾಗಿಲಿಗೆ ಮಾತ್ರ ಇರೋದರಿಂದ ಹಿಂದಿನ ಬಾಗಿಲಿನ ಹಿಡಿ ಎಳೆದು ನೋಡಿ.

ಇನ್ನು ಋಷಿಕೊಂಡ ಬೀಚ್, ಕೈಲಾಸಗಿರಿ, ಇಂದ್ರಕೀಲಾದ್ರಿಯ ಕೆಳಗಿನ ಪಾರ್ಕಿಂಗ್. ಲ್ಯಾಪ್‌ಟಾಪ್ ಬ್ಯಾಗನ್ನು ಅಲ್ಲಿಗೆ ಬಂದ ಮೇಲೆ ಸೀಟಿಂದ ಎತ್ತಿ ಡಿಕ್ಕಿಗೆ ಹಾಕಬೇಡಿ, ನಿಂತು ನೋಡೋನಿಗೆ ನೀವೇ ವಿಳಾಸ ಕೊಟ್ಟ ಹಾಗೆ. ಹೊರಡುವಾಗಲೇ ಹಾಕಿ. ತುನಿಯಲ್ಲಿ ಆ ಡ್ರೈವರ್‌ಗೆ ಮೂರು ಏಟು ಸಾಕಾಯ್ತು ಅಂದ ಮೇಲೆ, ಕಳ್ಳನಿಗೂ ಅಷ್ಟೇ ಸಾಕು. ಸಿಗ್ನಲ್‌ನಲ್ಲಿ ಗಾಜು ತಟ್ಟಿ "ಇಂಜಿನ್ ಆಯಿಲ್ ಸೋರ್ತಾ ಇದೆ", "ನಿಮ್ಮ ದುಡ್ಡು ಬಿದ್ದಿದೆ" ಅಂತ ಯಾರಾದರೂ ಹೇಳಿದರೆ ಇಳಿಯೋಕೆ ಮುಂಚೆ ಉಳಿದ ಮೂರು ಬಾಗಿಲು ನೆನಪಿರಲಿ. ನೀವು ಬಾನೆಟ್ ನೋಡುವಾಗ ಇನ್ನೊಬ್ಬ ಇನ್ನೊಂದು ಕಡೆ ಇರ್ತಾನೆ.

ನೀರಿನ ವಿಷಯ ಬಿಡೋಕೆ ಆಗಲ್ಲ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆ ಮನೆಯೊಳಗೆಲ್ಲ ನೀರು ನಿಂತಾಗ ನಿಮ್ಮಲ್ಲಿ ಎಷ್ಟೋ ಜನರ ಕಾರು ಮುಳುಗಿತ್ತು. ನಿಂತ ಕಾರು ಹೋದರೆ ಹೋಗಲಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಒಂದು ಟ್ಯಾಕ್ಸಿ ಸಿಕ್ಕಿಕೊಂಡಿತು. ಮನೆಯವರಿಗೆ ಊರು ತೋರಿಸೋಕೆ ಕರೆದುಕೊಂಡು ಹೋಗಿದ್ದ ಹುಡುಗಿ, ಐಟಿ ಕೆಲಸದಲ್ಲಿದ್ದವಳು, ತೀರಿಕೊಂಡಳು. ಅವಳು ಆಂಧ್ರದವಳು. ನಾವು ಅವಳ ಸೀಮೆಯಲ್ಲಿ ಕೆಲಸ ಮಾಡ್ತಾ ಇದ್ದೀವಿ, ಅವಳು ನಮ್ಮ ಊರಿಗೆ ಕೆಲಸಕ್ಕೆ ಬಂದಿದ್ದಳು.

ನೀರಲ್ಲಿ ಆಗೋದು ಏನಂದ್ರೆ, ಹೊರಗಿನ ನೀರು ಬಾಗಿಲನ್ನು ಒತ್ತಿ ಹಿಡಿಯುತ್ತೆ, ಲಾಕ್ ಬಿಟ್ಟಿದ್ದರೂ ತಳ್ಳೋಕೆ ಆಗಲ್ಲ. ವೈರಿಂಗ್‌ಗೆ ನೀರು ಹೋದರೆ ಪವರ್ ವಿಂಡೋ ಯಾವ ಗಳಿಗೆಯಲ್ಲೂ ಕೈಕೊಡಬಹುದು. ಹಾಗಾಗಿ ಇಂಜಿನ್ ನಿಂತ ಕೂಡಲೇ, ಯಾರಿಗೂ ಫೋನ್ ಮಾಡೋಕೆ ಮುಂಚೆ, ಬೆಲ್ಟ್ ಬಿಚ್ಚಿ, ಲಾಕ್ ತೆಗೆದು, ಗಾಜು ಪೂರ್ತಿ ಇಳಿಸಿ ಕಿಟಕಿಯಿಂದ ಹೊರಗೆ. ಗಾಜು ಇಳಿಯದಿದ್ದರೆ ಒಡೆಯಬೇಕು. ನಾನು ಈಗ ಮೊನಚು ಸುತ್ತಿಗೆಯೊಂದನ್ನು ಡ್ರೈವರ್ ಬಾಗಿಲಿನ ಜೇಬಿನಲ್ಲಿ ಇಟ್ಟಿದ್ದೀನಿ, ಡಿಕ್ಕಿಯಲ್ಲಿ ಅಲ್ಲ. ಮುಂದೆ ನೀರು ಎಷ್ಟು ಆಳ ಅಂತ ಗೊತ್ತಿಲ್ಲದಿದ್ದರೆ ಗಾಡಿ ಇಳಿಸೋದೇ ಬೇಡ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಕೊನೆಗೆ ಒಂದು ಚಿಕ್ಕ ವಿಷಯ, ಸಮುದ್ರದ ಪಕ್ಕ ಇರೋರಿಗೆ. ಸ್ಮಾರ್ಟ್ ಕೀ ಒಳಗೆ ಒಂದು ಸಣ್ಣ ಲೋಹದ ಕೀ ಅಡಗಿರುತ್ತೆ, ಕ್ಲಿಪ್ ಒತ್ತಿ ಎಳೆದರೆ ಬರುತ್ತೆ. ಬ್ಯಾಟರಿ ಸತ್ತ ದಿನ ಅದೊಂದೇ ಗತಿ. ಅದರ ತೂತು ಡ್ರೈವರ್ ಹಿಡಿಯ ಪಕ್ಕ, ಕೆಲವದರಲ್ಲಿ ಮುಚ್ಚಳದ ಕೆಳಗೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ವೈಜಾಗ್‌ನ ಉಪ್ಪುಗಾಳಿಗೆ ಒಳಗೆ ತುಕ್ಕು ಕೂತು ತಿರುಗೋದೇ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರು ಜೋರಾಗಿ ತಿರುಗಿಸಿ ಕೀಯನ್ನೇ ಮುರಿದರು. ಎರಡು ಮೂರು ತಿಂಗಳಿಗೊಮ್ಮೆ ಅದರಲ್ಲೇ ಬಾಗಿಲು ತೆಗೆದು ಹಾಕಿ, ಸ್ವಲ್ಪ ಗ್ರಾಫೈಟ್ ಪುಡಿ ಬಿಡಿ, ಕೊಬ್ಬರಿ ಎಣ್ಣೆ ಬೇಡ. ಆಮೇಲೆ ಸತ್ತ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಎಷ್ಟೋ ಕಾರುಗಳು ಸ್ಟಾರ್ಟ್ ಆಗುತ್ತವೆ.

ಎರಡನೇ ಕೀ ಈಗ ಬೀರುವಿನಲ್ಲಿಲ್ಲ, ಲಾಂಗ್ ಡ್ರೈವ್ ಹೋಗುವಾಗ ಮನೆಯವಳ ಪರ್ಸಿನಲ್ಲಿರುತ್ತೆ. ಮಗಳಿಗೆ ಐದು ವರ್ಷ ತುಂಬಿತು. ಮೊನ್ನೆ ಭಾನುವಾರ ಬೇಸ್‌ಮೆಂಟಿನಲ್ಲಿ ಇಬ್ಬರೂ ಒಳಗೆ ಕೂತು, ಲಾಕ್ ಹಾಕಿಕೊಂಡು ಅಭ್ಯಾಸ ಮಾಡಿಸಿದೆ. ಬೆಲ್ಟ್ ಬಿಚ್ಚೋದು, ಹಿಂದಿನಿಂದ ಮುಂದಿನ ಸೀಟಿಗೆ ತೂರಿಕೊಳ್ಳೋದು, ಹಿಡಿಯನ್ನು ಎರಡು ಸಲ ಎಳೆಯೋದು. ಬಾಗಿಲು ಬರದಿದ್ದರೆ ಹಾರ್ನ್ ಒತ್ತಿ ಹಿಡಿಯೋದು, ಕೀ ಇಲ್ಲದೆಯೂ ಬಹಳಷ್ಟು ಕಾರಿನಲ್ಲಿ ಹಾರ್ನ್ ಕೂಗುತ್ತೆ, ನಿಮ್ಮದರಲ್ಲಿ ಕೂಗುತ್ತಾ ಅಂತ ನೋಡಿಕೊಳ್ಳಿ. ಹಿಡಿ ಎಳೆಯೋದು ಅವಳಿಗೆ ಮೂರನೇ ಪ್ರಯತ್ನಕ್ಕೆ ಬಂತು. ಹಾರ್ನ್ ಮಾತ್ರ ಮೊದಲ ಸಲಕ್ಕೇ ಬಂತು, ಬಿಡೋಕೇ ಒಪ್ಪಲಿಲ್ಲ. ವಾಚ್‌ಮನ್ ಗಾಬರಿಯಿಂದ ಓಡಿ ಬಂದು "ಏಮೈಂದಿ ಸಾರ್?" ಅಂದರು. ಲಾಕ್ ತೆಗೆಯೋದು ಕಲಿಸ್ತಾ ಇದ್ದೀನಿ ಅಂದೆ. ಇಷ್ಟು ವರ್ಷ ಹಾಕಿದಿರಾ ಅಂತ ಕೇಳಿದ ಮನುಷ್ಯ, ನನ್ನ ಮುಖವನ್ನೇ ನೋಡಿದರು.

ಮುಂದಿನ ಸಲ ಆಂಧ್ರದಲ್ಲಿ ಕೆಎ ನಂಬರಿನ ಗಾಡಿ ಓಡಿಸೋರ ಟ್ಯಾಕ್ಸ್ ಗೋಳಿನ ಬಗ್ಗೆ ಮಾತಾಡೋಣ. ಬರ್ತೀನಿ, ನಮಸ್ಕಾರ.